ಗಾಜಿನ ಬಾಗಿಲ ಹಿಂದೊಂದು ಮರುಭೂಮಿ

ಬ್ರಿಟನ್ನಿನ ಪಟ್ಟಣಗಳಲ್ಲಿ ಕೆಲವು ಮನೆಗಳ ಹಜಾರದ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮುಂಭಾಗಕ್ಕೆ ಆಚೀಚೆ ಸರಿಯುವ ಎರಡು ಗಾಜಿನ ಬಾಗಿಲು. ದೂರದಿಂದ ನೋಡಿದರೆ ನಮ್ಮ ಮನೆಗಳಲ್ಲಿ ಬಹುಮಾನದ ಕಪ್ಪು, ಚನ್ನಪಟ್ಟಣದ ಗೊಂಬೆ ಜೋಡಿಸಿಡುವ ಷೋಕೇಸಿನಂತೆಯೇ ಕಾಣುತ್ತದೆ. ಹತ್ತಿರ ಹೋದರೆ, ಒಳಗೆ ದೀಪದ ಕೆಳಗಿನ ಕಲ್ಲಿನ ಮೇಲೆ ಒಂದೂವರೆ ಅಡಿ ಉದ್ದದ ಪ್ರಾಣಿಯೊಂದು ಕಣ್ಣು ಅರೆಮುಚ್ಚಿ ಬಿಸಿಲು ಕಾಯಿಸುತ್ತಿರುತ್ತದೆ!

ಇದು ಆಸ್ಟ್ರೇಲಿಯಾದ ಒಣನಾಡಿನ ಬಿಯರ್ಡೆಡ್ ಡ್ರಾಗನ್. ಹೆಸರಿಗೆ ಹೆದರಬೇಕಿಲ್ಲ. ನಮ್ಮ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತ ಯಾವ ಕುಟುಂಬಕ್ಕೆ ಸೇರಿದೆಯೋ ಇದೂ ಅದೇ ಕುಟುಂಬದ್ದು. ಸಿಟ್ಟು ಬಂದಾಗ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಗಡ್ಡದಂತೆ ಉಬ್ಬಿಸುವುದರಿಂದ ಈ ಹೆಸರು ಬಂದಿದೆ. ಸಾಕಿದವರ ಮನೆಗಳಲ್ಲೇ ಮೊಟ್ಟೆಯೊಡೆದು ತಲೆಮಾರುಗಳಿಂದ ಬೆಳೆದು ಬಂದ ಪ್ರಾಣಿಗಳಿವು. ಇವಕ್ಕೆ ಮನೆ ಕಟ್ಟುವ ಕೆಲಸ ಅಲ್ಲಿ ಅನೇಕ ಕುಟುಂಬಗಳಲ್ಲಿ ಅಪ್ಪ-ಮಕ್ಕಳು ರಜಾದಿನ ಸೇರಿ ಮಾಡುವ ಬಡಗಿ ಕೆಲಸ. ಅಂಥ ಪೆಟ್ಟಿಗೆಗೆ ‘ವಿವೇರಿಯಂ’ ಎಂದು ಹೆಸರು. ಹಲಗೆ ಜೋಡಿಸುವುದು ಇದರಲ್ಲಿ ಸುಲಭದ ಭಾಗ. ಬಿಸಿಲು-ನೆರಳುಗಳನ್ನು ಜೋಡಿಸುವುದೇ ನಿಜವಾದ ಕಷ್ಟ. ಅದು ತಪ್ಪಿದರೆ ಎಷ್ಟು ಅಂದವಾದ ಪೆಟ್ಟಿಗೆಯೂ ಪ್ರಾಣಿಗೆ ಸೆರೆಮನೆ.

ಬಾಗಿಲ ಲೆಕ್ಕ

ಬಾಗಿಲು ಮುಚ್ಚಳದಂತೆ ಮೇಲೆ ಇರದೆ ಮುಂದೇಕೆ? ಕಾಡಿನಲ್ಲಿ ಹದ್ದು, ಗಿಡುಗಗಳು ಎರಗುವುದು ಮೇಲಿನಿಂದ. ಮೇಲಿನಿಂದ ಇಳಿದು ಬರುವ ಕೈಯನ್ನು ಕಂಡರೆ ಓತಿಯ ಜಾತಿಯ ಪ್ರಾಣಿಗೆ ಜೀವಭಯ. ಎದುರಿನಿಂದ ನಿಧಾನವಾಗಿ ಬರುವ ಕೈಗೆ ಅದು ಬೇಗ ಒಗ್ಗಿಕೊಳ್ಳುತ್ತದೆ. ಅಲ್ಲದೆ ಬಿಸಿಗಾಳಿ ಮೇಲೇರುವುದರಿಂದ ಮೇಲ್ಮುಚ್ಚಳ ತೆರೆದೊಡನೆ ಪೆಟ್ಟಿಗೆಯ ಶಾಖವೆಲ್ಲ ಸೋರಿಹೋಗುತ್ತದೆ. ಉಳಿದ ಐದು ಬದಿಗಳಿಗೆ ಮರ ಅಥವಾ ಪ್ಲೈವುಡ್ ಬಳಸುವುದಕ್ಕೂ ಇದೇ ಕಾರಣ. ಗಾಜಿನಷ್ಟು ಸುಲಭವಾಗಿ ಮರ ಶಾಖವನ್ನು ಹಾಯಿಸುವುದಿಲ್ಲ.

ಸರಿಯುವ ಬಾಗಿಲಿಗೆ ಪ್ಲಾಸ್ಟಿಕ್ಕಿನ ಎರಡು ಚಾನೆಲ್ ಬೇಕು. ಪ್ರತಿಯೊಂದರಲ್ಲೂ ಅಕ್ಕಪಕ್ಕ ಎರಡೆರಡು ತೋಡು. ಇಲ್ಲಿರುವ ಜಾಣತನ ಗಮನಿಸಿ: ಮೇಲಿನ ಚಾನೆಲ್ಲಿನ ತೋಡು ಆಳವಾಗಿರುತ್ತದೆ, ಕೆಳಗಿನದು ಮೇಲುಮೇಲಾಗಿರುತ್ತದೆ. ಗಾಜನ್ನು ಮೊದಲು ಮೇಲಿನ ತೋಡಿಗೆ ತೂರಿಸಿ ಎತ್ತಬೇಕು. ಆಮೇಲೆ ಕೆಳಗಿನ ತೋಡಿಗೆ ಇಳಿಸಬೇಕು. ತೆಗೆಯಬೇಕಾದಾಗಲೂ ಎತ್ತಿ ಹೊರಕ್ಕೆ ಎಳೆದರಾಯಿತು. ಮೊಳೆಯಿಲ್ಲ, ತಿರುಪಿಲ್ಲ, ತೊಳೆಯುವುದು ಸುಲಭ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಎರಡು ಚಾನೆಲ್ಲುಗಳ ಅಂಚುಗಳ ನಡುವಿನ ತೆರವು 450 ಮಿ.ಮೀ. ಎಂದುಕೊಳ್ಳಿ. ಕೆಳಗಿನ ತೋಡಿನ ಆಳ 4 ಮಿ.ಮೀ., ಮೇಲಿನದು 12 ಮಿ.ಮೀ. ಗಾಜಿನ ಎತ್ತರ ಎಷ್ಟಿರಬೇಕು? ಅದು 454ಕ್ಕಿಂತ ಹೆಚ್ಚಿರದಿದ್ದರೆ ಕೆಳಗೆ ಕುಳಿತಾಗ ಮೇಲಿನ ತೋಡಿನಿಂದ ಜಾರಿ ಬೀಳುತ್ತದೆ. 462ಕ್ಕಿಂತ ಹೆಚ್ಚಾದರೆ ಒಳಗೆ ಹೋಗುವುದೇ ಇಲ್ಲ. ಆದ್ದರಿಂದ ನಡುವಿನ 458 ಮಿ.ಮೀ. ಸರಿಯಾದ ಅಳತೆ. ಇನ್ನು ಅಗಲ. ಪೆಟ್ಟಿಗೆಯ ಒಳ ಉದ್ದ 119 ಸೆಂ.ಮೀ. ಇದ್ದರೆ ಒಂದೊಂದು ಗಾಜೂ 61 ಸೆಂ.ಮೀ. ಇರಬೇಕು. ಆಗ ನಡುವೆ 3 ಸೆಂ.ಮೀ. ಒಂದರ ಮೇಲೊಂದು ಹಾಯುತ್ತದೆ. ಗಾಜು 4 ಮಿ.ಮೀ. ದಪ್ಪದ್ದಿರಲಿ. ಕೈ ಕೊಯ್ಯದಂತೆ ಅಂಚನ್ನು ಅಂಗಡಿಯಲ್ಲೇ ಉಜ್ಜಿಸಬೇಕು.

ಒಂದರ ಮುಂದೊಂದು ನಿಲ್ಲುವ ಈ ಗಾಜುಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ಓತಿಗೆ ಅದರಿಂದ ತೊಂದರೆಯಿಲ್ಲ. ಹಾವಿನ ಮರಿಗೆ ಮಾತ್ರ ಅದೇ ಹೆಬ್ಬಾಗಿಲು! ಆದ್ದರಿಂದ ಹಾವು ಸಾಕುವವರು ಅಲ್ಲಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸುತ್ತಾರೆ, ಷೋಕೇಸಿಗೆ ಹಾಕುವಂಥ ಬೀಗವನ್ನೂ ಹಾಕುತ್ತಾರೆ. ಗಾಜನ್ನು ಮೂತಿಯಿಂದ ತಳ್ಳಿ ಸರಿಸುವ ಬಲ ಹಾವಿಗಿದೆ.

ಸೂರ್ಯನನ್ನು ಒಳಗೆ ತರುವುದು

ಸರೀಸೃಪಗಳು ‘ಶೀತರಕ್ತ’ ಪ್ರಾಣಿಗಳೆಂದು ಪಾಠದಲ್ಲಿ ಓದುತ್ತೇವೆ. ಅವುಗಳ ರಕ್ತ ಯಾವಾಗಲೂ ತಣ್ಣಗಿರುತ್ತದೆ ಎಂದು ಇದರ ಅರ್ಥವಲ್ಲ. ನಮ್ಮಂತೆ ಉಂಡ ಅನ್ನದಿಂದ ಮೈ ಬೆಚ್ಚಗಿಟ್ಟುಕೊಳ್ಳಲು ಅವಕ್ಕೆ ಆಗದು. ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ಬಯಲಿನಲ್ಲಿ ಓತಿ ಬೆಳಗ್ಗೆ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತದೆ, ಮೈ ಕಾದಾಗ ಪೊದೆಯ ನೆರಳಿಗೆ ಸರಿಯುತ್ತದೆ. ಈ ಓಡಾಟವೇ ಅದರ ಉಷ್ಣ ನಿಯಂತ್ರಣ. ಮೈ ಸಾಕಷ್ಟು ಬೆಚ್ಚಗಾಗದಿದ್ದರೆ ತಿಂದದ್ದು ಜೀರ್ಣವಾಗುವುದೂ ಇಲ್ಲ.

ಆದ್ದರಿಂದ ಪೆಟ್ಟಿಗೆಯೆಲ್ಲ ಒಂದೇ ಸಮ ಬಿಸಿಯಾಗಿರಬಾರದು. ಒಂದು ತುದಿಯಲ್ಲಿ ಶಾಖದ ದೀಪ. ಅದರ ಕೆಳಗಿನ ಕಲ್ಲು ಸುಮಾರು 40 ಡಿಗ್ರಿ ಸೆಲ್ಸಿಯಸ್. ಇನ್ನೊಂದು ತುದಿ 25ರ ಆಸುಪಾಸು, ಅಲ್ಲೊಂದು ಅಡಗುತಾಣ. ನಾಲ್ಕಡಿ ಉದ್ದ ಬೇಕಾದದ್ದು ಇದಕ್ಕೇ. ಪುಟ್ಟ ಪೆಟ್ಟಿಗೆಯಲ್ಲಿ ದೀಪ ಹಚ್ಚಿದರೆ ಎರಡೂ ತುದಿ ಕಾಯುತ್ತವೆ, ಓಡಲು ನೆರಳೇ ಇರುವುದಿಲ್ಲ. ಉಷ್ಣತೆ ಮಿತಿ ಮೀರದಂತೆ ಥರ್ಮೋಸ್ಟಾಟ್ ಬೇಕು, ದೀಪಕ್ಕೆ ತಂತಿಯ ಬಲೆಯ ರಕ್ಷಣೆ ಬೇಕು. ಬಿಸಿ ಬಲ್ಬಿಗೆ ಸುತ್ತಿಕೊಂಡು ಮೈ ಸುಟ್ಟುಕೊಂಡ ಹಾವುಗಳುಂಟು. ಹಿಂಬದಿಯ ಹಲಗೆಯಲ್ಲಿ ತಂಪು ತುದಿಗೆ ಕೆಳಗೆ, ಬಿಸಿ ತುದಿಗೆ ಮೇಲೆ ಗಾಳಿಕಂಡಿ ಇಟ್ಟರೆ ಬಿಸಿಗಾಳಿ ಮೇಲಿನಿಂದ ಹೊರಟು ಹೊಸ ಗಾಳಿ ಕೆಳಗಿನಿಂದ ತಾನಾಗಿ ಬರುತ್ತದೆ.

ಇಷ್ಟೆಲ್ಲ ಏಕೆ, ಪೆಟ್ಟಿಗೆಯನ್ನು ಕಿಟಕಿಯ ಬಳಿ ಬಿಸಿಲಿಗೆ ಇಟ್ಟರೆ ಸಾಲದೆ ಎಂದು ಕೇಳಬಹುದು. ಗಾಜಿನ ಗುಣ ತಿಳಿದರೆ ಉತ್ತರ ಸಿಗುತ್ತದೆ. ಬಿಸಿಲಿನ ಬೆಳಕನ್ನು ಗಾಜು ಒಳಗೆ ಬಿಡುತ್ತದೆ. ಆ ಬೆಳಕಿನಿಂದ ಕಾದ ವಸ್ತುಗಳು ಹೊರಸೂಸುವ ಅವಕೆಂಪು ಕಿರಣಗಳನ್ನು ಹೊರಗೆ ಬಿಡುವುದಿಲ್ಲ. ಬಿಸಿಗಾಳಿಗೂ ಹೊರಹೋಗಲು ದಾರಿಯಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕುಳಿತವರಿಗೆ ಇದರ ಫಲ ಗೊತ್ತು. ಅದೇ ಗಾಜು ಬಿಸಿಲಿನಲ್ಲಿರುವ ಅತಿನೇರಳೆ-ಬಿ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಓತಿಯ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಆ ಕಿರಣಗಳೇ ಬೇಕು. ಡಿ3 ಇಲ್ಲದಿದ್ದರೆ ಎಷ್ಟು ಸುಣ್ಣದಂಶ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗಿ ದವಡೆ, ಕಾಲುಗಳು ಸೊಟ್ಟಗಾಗುತ್ತವೆ. ಮಕ್ಕಳಿಗೆ ಬರುವ ರಿಕೆಟ್ಸ್‌ನಂಥದೇ ರೋಗ. ಅಂದರೆ ಕಿಟಕಿಯ ಬಿಸಿಲು ಸುಡುತ್ತದೆ, ಪೋಷಿಸುವುದಿಲ್ಲ!

ಅದಕ್ಕೇ ಪೆಟ್ಟಿಗೆಯೊಳಗೆ ಅತಿನೇರಳೆ ಕಿರಣ ಸೂಸುವ ಟ್ಯೂಬನ್ನು ಬೇರೆಯಾಗಿ ಹಾಕುತ್ತಾರೆ. ಅದರಲ್ಲೂ ಒಂದು ಮೋಸವಿದೆ. ಟ್ಯೂಬು ಹಳೆಯದಾದಂತೆ ಈ ಕಿರಣ ಕುಗ್ಗುತ್ತ ಹೋಗುತ್ತದೆ. ಬೆಳಕು ಮಾತ್ರ ಎಂದಿನಂತೆ ಇರುವುದರಿಂದ ಕಣ್ಣಿಗೆ ಏನೂ ಗೊತ್ತಾಗದು. ತಯಾರಕರು ಹೇಳಿದಂತೆ 6ರಿಂದ 12 ತಿಂಗಳಿಗೊಮ್ಮೆ ಬದಲಿಸಲೇಬೇಕು.

ದಾರಿ ತೋರಿದ ಮಹಿಳೆ

ಸರೀಸೃಪಗಳಿಗೆಂದೇ ಪ್ರತ್ಯೇಕ ಕಟ್ಟಡವನ್ನು ಜಗತ್ತಿನಲ್ಲಿ ಮೊದಲು ತೆರೆದದ್ದು ಲಂಡನ್ ಮೃಗಾಲಯ, 1849ರಲ್ಲಿ. ಅಲ್ಲಿಯೇ 1927ರಲ್ಲಿ ತೆರೆದ ಹೊಸ ಕಟ್ಟಡದ ರೂಪುರೇಷೆ ಜೋನ್ ಪ್ರಾಕ್ಟರ್ ಎಂಬ ವಿಜ್ಞಾನಿಯದು. 1897ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲೇ ಹಲ್ಲಿ, ಹಾವುಗಳನ್ನು ಸಾಕಿದವರು. ಅನಾರೋಗ್ಯದಿಂದ ವಿಶ್ವವಿದ್ಯಾಲಯಕ್ಕೆ ಹೋಗಲಾಗಲಿಲ್ಲ. ಆದರೂ 1923ರಲ್ಲಿ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. ಬೇರೆ ಬೇರೆ ಪ್ರಾಣಿಗಳಿಗೆ ಬೇರೆ ಬೇರೆ ಶಾಖ ಕೊಡುವ ವಿದ್ಯುತ್ ವ್ಯವಸ್ಥೆ, ಅತಿನೇರಳೆ ಕಿರಣವನ್ನು ಒಳಬಿಡುವ ವಿಶೇಷ ಗಾಜು, ಇವೆರಡನ್ನೂ ಆಕೆ ಆ ಕಟ್ಟಡದಲ್ಲಿ ಬಳಸಿದರು. 1931ರಲ್ಲಿ, ಕೇವಲ 34ರ ಹರೆಯದಲ್ಲಿ ತೀರಿಕೊಂಡರು. ಇಂದಿನ ನಾಲ್ಕಡಿ ಪೆಟ್ಟಿಗೆ ಪಾಲಿಸುವುದು ಅದೇ ತತ್ತ್ವವನ್ನು.

ಕಾನೂನೂ ಈಗ ಅದನ್ನೇ ಹೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪ್ರಾಣಿ ಕ್ಷೇಮ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಗೆ ತಕ್ಕ ಪರಿಸರ ಒದಗಿಸುವುದು ಸಾಕಿದವರ ಕರ್ತವ್ಯ. 16 ವರ್ಷ ತುಂಬದವರಿಗೆ ಪ್ರಾಣಿಯನ್ನು ಮಾರುವಂತಿಲ್ಲ. ಇದರಲ್ಲಿ ವಿವೇಕವಿದೆ. ಬಿಯರ್ಡೆಡ್ ಡ್ರಾಗನ್ ಹತ್ತು ವರ್ಷದ ಆಸುಪಾಸು ಬದುಕುತ್ತದೆ. ಹನ್ನೆರಡರ ಹುಡುಗ ಆಸೆಪಟ್ಟು ತಂದದ್ದನ್ನು, ಅವನು ಕಾಲೇಜಿಗೆ ಹೊರಟ ಮೇಲೆ ಹುಳು, ಸೊಪ್ಪು ಹಾಕಿ ನೋಡಿಕೊಳ್ಳುವವರು ಅಪ್ಪ-ಅಮ್ಮಂದಿರೇ.

ನಮ್ಮಲ್ಲಿ?

ಇದನ್ನೋದಿದ ಮಕ್ಕಳು ಹಿತ್ತಲಿನ ಓತಿಯನ್ನೋ ಹೊಲದ ಹಾವನ್ನೋ ಹಿಡಿದು ತರಬಾರದು. ನಮ್ಮ ಕಾಡುಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಹಾವು, ಉಡ, ಆಮೆಗಳನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂಬ ನಂಬಿಕೆಯಿಂದ ನಕ್ಷತ್ರ ಆಮೆಯನ್ನು ತೊಟ್ಟಿಯಲ್ಲಿ ಇಡುವವರುಂಟು. ಅದು ಒಣಭೂಮಿಯ ಪ್ರಾಣಿ, ನೀರಿನದಲ್ಲ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರೂ ನೋಂದಣಿ ಮಾಡಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ.

ಹಾಗೆಂದು ಪೆಟ್ಟಿಗೆ ಕಟ್ಟುವ ಸಂತೋಷ ಬಿಡಬೇಕಾಗಿಲ್ಲ. ಪ್ರಾಣಿಯಿಲ್ಲದೆಯೇ ಅದನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಬಹುದು. ಹಳೆಯ ಮರದ ಪೆಟ್ಟಿಗೆ, ಮುಂದೆ ಸರಿಯುವ ಗಾಜು, ಒಂದು ತುದಿಗೆ 60 ವಾಟಿನ ತಂತು ಬಲ್ಬು, ಎರಡು ತುದಿಗೂ ನಡುವೆಯೂ ಒಂದೊಂದು ಥರ್ಮಾಮೀಟರು. ವಿದ್ಯುತ್ ಜೋಡಣೆಯನ್ನು ದೊಡ್ಡವರೇ ಮಾಡಲಿ. ಬಲ್ಬು ಮರಕ್ಕೆ ತಾಗದಿರಲಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದು ನಕ್ಷೆ ಎಳೆಯಿರಿ. ಆಮೇಲೆ ಗಾಳಿಕಂಡಿ ಮುಚ್ಚಿ ನೋಡಿ. ಬಲ್ಬನ್ನು ನಡುವಿಗೆ ತಂದು ನೋಡಿ. ತಂತು ಬಲ್ಬು ತೆಗೆದು ಎಲ್‌ಇಡಿ ಹಾಕಿ ನೋಡಿ. ಮೂರು ಥರ್ಮಾಮೀಟರುಗಳೂ ಒಂದೇ ಅಂಕಿ ತೋರಿಸಿದರೆ ಆ ಪೆಟ್ಟಿಗೆಯಲ್ಲಿ ಓತಿಗೆ ಹೋಗಲು ಬೇರೆ ಜಾಗವಿಲ್ಲವೆಂದು ಅರ್ಥ.

ಮುಂದಿನ ಸಲ ಬೇಲಿಯ ಮೇಲೆ ಓತಿಕ್ಯಾತ ಕಂಡಾಗ ಕಲ್ಲೆತ್ತದೆ ಅರ್ಧ ಗಂಟೆ ನಿಂತು ನೋಡಿ. ಎಷ್ಟು ಹೊತ್ತಿಗೆ ಬಿಸಿಲಿಗೆ ಬಂತು, ಎಷ್ಟು ಹೊತ್ತಿಗೆ ನೆರಳಿಗೆ ಹೋಯಿತು ಎಂದು ಗುರುತು ಮಾಡಿಕೊಳ್ಳಿ. ಲಂಡನ್ನಿನ ಹುಡುಗ ಹಲಗೆ, ಗಾಜು, ದೀಪ ಜೋಡಿಸಿ ಕಟ್ಟಬೇಕಾದದ್ದು ನಮ್ಮ ಬೇಲಿಯ ಮೇಲೆ ದಿನವೂ ಪುಕ್ಕಟೆಯಾಗಿ ನಡೆದಿರುತ್ತದೆ.