ಹೆಸರು ಮತ್ತು ನೆಲೆ: ಸರ್ವರ್ ತಂತ್ರಾಂಶ ಹಾಗೂ ಅಲಭ್ಯ ವಿಳಾಸ

ಪಾಲಾರ್ ನದಿಯ ದಂಡೆಯ ಬೇತಮಂಗಲವು ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಉಕ್ತವಾಗಿದೆ. ಅಲ್ಲಿ ಹೆಸರು ಮಾರ್ಪಟ್ಟರೂ ನೆಲೆ ಉಳಿದಿದೆ. ಗಣಕಜಾಲದಲ್ಲಿ ಇದಕ್ಕೆ ವಿಲೋಮವಾದ ಸ್ಥಿತಿಯೂ ಒದಗುತ್ತದೆ: ಹೆಸರು ಉಳಿದು, ಅದು ಸೂಚಿಸುವ ವಿಳಾಸ ಇಲ್ಲವಾಗುತ್ತದೆ.

1983ರಲ್ಲಿ ರೂಪುಗೊಂಡ ಡೊಮೈನ್ ನೇಮ್ ವ್ಯವಸ್ಥೆಯಲ್ಲಿ ಒಂದೇ ಹೆಸರಿಗೆ ಹಲವು ವಿಳಾಸಗಳಿರಬಹುದು. ಹೆಸರನ್ನು ಆಧರಿಸಿ ಆರಂಭಗೊಳ್ಳುವ ಸರ್ವರ್ ತಂತ್ರಾಂಶವು ಆ ವಿಳಾಸಗಳಿಗೆ ತನ್ನನ್ನು ಬಂಧಿಸಿಕೊಳ್ಳಬೇಕು. ಯಾವುದಾದರೊಂದು ವಿಳಾಸ ಆ ಯಂತ್ರದ್ದಲ್ಲವಾದರೆ ಕಾರ್ಯಾಚರಣೆ ವ್ಯವಸ್ಥೆಯು ಬಂಧವನ್ನು ನಿರಾಕರಿಸುತ್ತದೆ. ಅಷ್ಟಕ್ಕೇ ಇಡೀ ಸೇವೆಯನ್ನು ನಿಲ್ಲಿಸುವುದು ಯುಕ್ತವಲ್ಲ. ಅಲಭ್ಯ ವಿಳಾಸವನ್ನು ದಾಖಲೆಯಲ್ಲಿ ನಮೂದಿಸಿ, ಉಳಿದವುಗಳಲ್ಲಿ ಸೇವೆ ಆರಂಭಿಸಬೇಕು. ಒಂದೂ ದೊರೆಯದಿದ್ದಾಗ ಮಾತ್ರ ಸ್ಥಗಿತಗೊಳ್ಳಬೇಕು.

ಆದರೆ ವಿಳಾಸ ಯಂತ್ರದ್ದೇ ಆಗಿದ್ದು, ಅದರ ಪೋರ್ಟ್ ಅನ್ಯ ತಂತ್ರಾಂಶದ ವಶದಲ್ಲಿದ್ದರೆ ಅದು ಬೇರೆಯೇ ದೋಷ. ಅದನ್ನು ಕಡೆಗಣಿಸಿ ಮುಂದುವರಿದರೆ, ಹೆಸರನ್ನಷ್ಟೇ ನಂಬಿ ಬರುವ ಬಳಕೆದಾರನಿಗೆ ಪರರ ಸೇವೆ ಉತ್ತರಿಸೀತು. ಆದುದರಿಂದ ಅಲ್ಲಿ ನಿಲ್ಲುವುದೇ ಕ್ಷೇಮ.