ಗರ್ಭನಿರೋಧಕ ಗುಳಿಗೆ: ಹೆಸರೂ ಕಾರ್ಯವೂ

ಸಂಯುಕ್ತ ಗರ್ಭನಿರೋಧಕ ಗುಳಿಗೆಯನ್ನು ಗರ್ಭನಾಶಕವೆಂದು ವ್ಯವಹರಿಸುವುದು ಸಾಧುವಲ್ಲ. ನಾಶವು ಇರುವ ವಸ್ತುವಿಗೆ ಸಲ್ಲುವುದು, ನಿರೋಧವಾದರೋ ಬರಲಿರುವುದಕ್ಕೆ. 1960ರಲ್ಲಿ ಅಮೆರಿಕೆಯಲ್ಲಿ ಈ ಪ್ರಯೋಜನಕ್ಕಾಗಿ ಮೊದಲು ಅಂಗೀಕೃತವಾದ ಈ ಬಗೆಯ ಔಷಧದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬೆರಡು ದ್ರವ್ಯಗಳು ಕೂಡಿರುವುವು. ಇವು ಪಿಟ್ಯುಟರಿ ಗ್ರಂಥಿಯ ಪ್ರೇರಣೆಯನ್ನು ಅಡಗಿಸುವುದರಿಂದ ಅಂಡಾಶಯದಿಂದ ಅಂಡವು ಹೊರಬೀಳದು. ಗರ್ಭಕಂಠದ ಲೋಳೆಯೂ ಗಟ್ಟಿಯಾಗಿ ವೀರ್ಯಾಣುಗಳಿಗೆ ಅಡ್ಡವಾಗುವುದು. ನಿಂತ ಗರ್ಭವನ್ನು ಈ ಗುಳಿಗೆ ಕೆಡಿಸಲಾರದು.

ನಿಯಮ ತಪ್ಪದೆ ಸೇವಿಸುವ ನೂರು ಮಂದಿಯಲ್ಲಿ ವರ್ಷಕ್ಕೆ ಗರ್ಭವತಿಯರಾಗುವವರ ಪ್ರಮಾಣ ಒಂದಕ್ಕಿಂತ ಕಡಮೆ. ಋತುಶೂಲೆ, ಅತಿಸ್ರಾವಗಳೂ ಇದರಿಂದ ಶಮನ ಹೊಂದುವುದುಂಟು. ಆದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ತುಸು ಹೆಚ್ಚುವುದರಿಂದ, ಮೊದಲೇ ಹಾಗೆ ಹೆಪ್ಪುಗಟ್ಟಿದ್ದವರಿಗೂ 35 ವರ್ಷ ತುಂಬಿದ ಧೂಮಪಾನಿಗಳಿಗೂ ಇದು ವರ್ಜ್ಯ. ಉಳಿದವರೂ ವೈದ್ಯರ ಸಲಹೆ ಪಡೆಯುವುದು ಒಳಿತು.

ನಾಶಕವೆಂದು ನಂಬಿ ನುಂಗಿದವಳಿಗೆ ಫಲವಿಲ್ಲ. ನಾಶಕವೆಂದು ಹೆದರಿ ಬಿಟ್ಟವಳಿಗೆ ರಕ್ಷೆಯಿಲ್ಲ. ಆದುದರಿಂದ ಇಲ್ಲಿ ಶಬ್ದಶುದ್ಧಿಯು ಕೇವಲ ವೈಯಾಕರಣರ ವಿಷಯವಲ್ಲ.