ನಿಮಗಿದು ಗೊತ್ತೇ? ಲ್ಯಾಂಡ್‌ಲೈನ್ ನೆಟ್ ಕೈಕೊಡುವುದು ಯಾಕೆ

ಬ್ರಿಟನ್ನಿನ ವೇಲ್ಸ್‌ನಲ್ಲಿ ಅಬರ್‌ಹೋಸನ್ ಎಂಬ ಹಳ್ಳಿಯಿದೆ. ಅಲ್ಲಿ ದಿನಾ ಬೆಳಿಗ್ಗೆ 7 ಗಂಟೆಗೆ ಊರಿಗೆ ಊರೇ ಬ್ರಾಡ್‌ಬ್ಯಾಂಡ್ ಕಳೆದುಕೊಳ್ಳುತ್ತಿತ್ತು. ಒಂದೆರಡು ದಿನವಲ್ಲ, 18 ತಿಂಗಳು! ಓಪನ್‌ರೀಚ್ ಕಂಪನಿಯವರು ಕೇಬಲ್ಲನ್ನೇ ಬದಲಿಸಿದರು. ಊಹೂಂ, ಪ್ರಯೋಜನವಾಗಲಿಲ್ಲ. ಕೊನೆಗೆ ಎಂಜಿನಿಯರುಗಳು ಸ್ಪೆಕ್ಟ್ರಮ್ ಅನಲೈಸರ್ ಹಿಡಿದು, ಸುರಿಯುವ ಮಳೆಯಲ್ಲಿ ಬೆಳಗಿನ 6ಕ್ಕೇ ಊರು ಸುತ್ತತೊಡಗಿದರು. 7 ಹೊಡೆಯುತ್ತಿದ್ದಂತೆ ಒಂದು ಮನೆಯಿಂದ ವಿದ್ಯುತ್ ಗದ್ದಲ ಎದ್ದಿತು. ಮನೆಯವರು ಅದೇ ಹೊತ್ತಿಗೆ ತಮ್ಮ ಹಳೇ ಟಿ.ವಿ. ಹಾಕುತ್ತಿದ್ದರು, ಅಷ್ಟೇ. ಪಾಪ, ವಿಷಯ ತಿಳಿದು ನಾಚಿಕೊಂಡ ಅವರು ಆ ಟಿ.ವಿ.ಯನ್ನು ಮತ್ತೆ ಮುಟ್ಟಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಇದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು.

ಟಿ.ವಿ.ಗೂ ಫೋನ್ ತಂತಿಗೂ ಎತ್ತಣ ಸಂಬಂಧ ಅನ್ನುವಿರಾ? ಫೋನಿನಲ್ಲಿ ನಮ್ಮ ಮಾತು ಸಾಗುವುದು ಸುಮಾರು 3,400 ಹರ್ಟ್ಸ್‌ವರೆಗೆ ಮಾತ್ರ. ಅದೇ ತಾಮ್ರದ ಜೋಡಿತಂತಿಯಲ್ಲಿ ಎಡಿಎಸ್‌ಎಲ್ ಇಂಟರ್‌ನೆಟ್ ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ. ಎಡಿಎಸ್‌ಎಲ್2 ಪ್ಲಸ್ ಆದರೆ 2.2 ಮೆಗಾಹರ್ಟ್ಸ್. ಮೀಡಿಯಂ ವೇವ್ ರೇಡಿಯೊ ಇರುವುದೂ ಇದೇ ಜಾಗದಲ್ಲೇ! ಎಕ್ಸ್‌ಚೇಂಜ್‌ನಿಂದ ಮನೆಯವರೆಗಿನ ತಂತಿ ಬೇಡವೆಂದರೂ ಒಂದು ಏರಿಯಲ್ ಆಗಿಬಿಡುತ್ತದೆ.

ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ನಮಗೆಲ್ಲ ಬಾಯಿಪಾಠ. ಡಿಎಸ್‌ಎಲ್ ಮೋಡೆಮ್ ತಂತಿಯನ್ನು 4.3125 ಕಿಲೋಹರ್ಟ್ಸ್ ಅಗಲದ ನೂರಾರು ಓಣಿಗಳಾಗಿ ಸೀಳಿಕೊಳ್ಳುತ್ತದೆ. ಎಡಿಎಸ್‌ಎಲ್‌ನಲ್ಲಿ 256, ಎಡಿಎಸ್‌ಎಲ್2 ಪ್ಲಸ್‌ನಲ್ಲಿ 512. ಲೆಕ್ಕ ಹಾಕಿದರೆ ಬೆಂಗಳೂರು ಕೇಂದ್ರ ಬರುವುದು 142ನೇ ಓಣಿಯ ಆಸುಪಾಸಿನಲ್ಲಿ. ಅಲ್ಲಿ ಗದ್ದಲ ಜಾಸ್ತಿ ಎಂದು ಕಂಡರೆ ಮೋಡೆಮ್ ಆ ಓಣಿಗೆ ಕಡಿಮೆ ಬಿಟ್ ಹೇರುತ್ತದೆ, ತೀರಾ ಹದಗೆಟ್ಟಿದ್ದರೆ ಖಾಲಿ ಬಿಡುತ್ತದೆ. ಗಲಾಟೆಯಿಲ್ಲದ ಓಣಿಗೆ 15 ಬಿಟ್‌ವರೆಗೂ ಹೇರಬಹುದು.

ಗದ್ದಲ ಹುಡುಕಲು ನಮಗೆ ಸ್ಪೆಕ್ಟ್ರಮ್ ಅನಲೈಸರ್ ಬೇಡ, ಅಟ್ಟದ ಮೇಲಿನ ಟ್ರಾನ್ಸಿಸ್ಟರ್ ಸಾಕು. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಮನೆಯೆಲ್ಲ ಓಡಾಡಿ. ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್, ಯಾವುದರ ಹತ್ತಿರ ಗೊರಗೊರ ಏರುತ್ತದೋ ಅದನ್ನು ಆರಿಸಿ ನೋಡಿ. ಬ್ರಿಟನ್ನಿನಲ್ಲಿ ಇದಕ್ಕೆ 612ಕ್ಕೇ ರೇಡಿಯೊ ತಿರುಗಿಸಿ ಅನ್ನುತ್ತಾರೆ, ಅವರಿಗೆ ಅಲ್ಲಿ ಸ್ಟೇಷನ್ ಇಲ್ಲ. ಬೆಂಗಳೂರಿನಲ್ಲಿ ಹಾಗೆ ಮಾಡಿದರೆ ಪ್ರದೇಶ ಸಮಾಚಾರ ಕೇಳಿಕೊಂಡು ಕೂರಬೇಕಾದೀತು.

ಹಗಲು ಸರಿಯಿದ್ದ ನೆಟ್ ರಾತ್ರಿ ತೊದಲುತ್ತದೆಯೇ? ಕತ್ತಲಾದ ಮೇಲೆ ಮೀಡಿಯಂ ವೇವ್ ತರಂಗಗಳು ಅಯಾನುಗೋಳಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆಗೂ ಬಂದಿಳಿಯುತ್ತವೆ. ದೂರದ ಸ್ಟೇಷನ್‌ಗಳೂ ನಿಮ್ಮ ತಂತಿಗೆ ನುಗ್ಗುತ್ತವೆ.

ಫೋನ್ ರಿಂಗಾದಾಗಲೇ ನೆಟ್ ಕಟ್ ಆಗುತ್ತಿದ್ದರೆ ಮೊದಲು ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್ ನೋಡಿ. ಮಹಡಿಯ ಮೇಲೊಂದು ಎಕ್ಸ್‌ಟೆನ್ಷನ್ ಫೋನ್ ಸ್ಪ್ಲಿಟರ್‌ಗೆ ಮೊದಲೇ ಕವಲೊಡೆದು ಹೋಗಿದ್ದರೂ ಇದೇ ಕಥೆ.

ನೆಟ್ ಸ್ಲೋ ಅಂದರೆ ಲೈನ್‌ಮನ್‌ಗೆ ಏನೂ ಹೇಳಿದ ಹಾಗಾಗುವುದಿಲ್ಲ. ರಿಸೀವರ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೇಲೆ ಕಿವಿಗೊಟ್ಟು ಕೇಳಿ. ಪೂರ್ತಿ ನಿಶ್ಶಬ್ದವಿರಬೇಕು. ಕರಕರ ಅಂದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಕಂಪ್ಲೇಂಟ್ ಕೊಡುವಾಗ "ಫೋನಿನಲ್ಲೇ ನಾಯ್ಸ್ ಇದೆ" ಅನ್ನಿ. ಆ ಮಾತು ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನೂ ವಿಚಿತ್ರವೆಂದರೆ, ಕೆಲವರ ಮನೆಯಲ್ಲಿ ರಿಸೀವರ್ ಎತ್ತಿದರೆ ನೆಟ್ ಸರಿಹೋಗುತ್ತದೆ! ಕಿಲುಬು ಹಿಡಿದ ಜಾಯಿಂಟ್‌ನಲ್ಲಿ ತಾಮ್ರದ ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ರಿಸೀವರ್ ಎತ್ತಿದಾಗ ಎಕ್ಸ್‌ಚೇಂಜ್‌ನ 48 ವೋಲ್ಟ್ ಬ್ಯಾಟರಿಯಿಂದ ಹರಿಯುವ ಕರೆಂಟು ಆ ಪೊರೆಯನ್ನು ಭೇದಿಸಿ ಸಂಪರ್ಕ ಕೂಡಿಸುತ್ತದೆ. ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತೆ. ಇದು ಮೋಡೆಮ್ ಬದಲಿಸಿದರೆ ಹೋಗುವ ಕಾಯಿಲೆಯಲ್ಲ, ಜಾಯಿಂಟ್ ಕತ್ತರಿಸಿ ಹೊಸದಾಗಿ ಕೂಡಿಸಬೇಕು. ಮಳೆ ನಿಂತ ಮೇಲೂ ತೊಂದರೆ ಮುಂದುವರಿದರೆ ಆಗಲೂ ಅನುಮಾನ ಜಾಯಿಂಟ್ ಮೇಲೆಯೇ, ಒಳಗೆ ಸೇರಿದ ನೀರು ಅಷ್ಟು ಬೇಗ ಆರುವುದಿಲ್ಲ.

ಬ್ರೌಸರ್‌ನಲ್ಲಿ 192.168.1.1 ಎಂದು ಒತ್ತಿದರೆ ಬಹಳಷ್ಟು ಮೋಡೆಮ್‌ಗಳು ತಮ್ಮ ಜಾತಕ ಬಿಚ್ಚುತ್ತವೆ. ಅದರಲ್ಲಿ ಎರಡೇ ಸಾಲು ಮುಖ್ಯ. ಅಟೆನ್ಯುಯೇಷನ್ ಅಂದರೆ ದಾರಿಯಲ್ಲಿ ಸಿಗ್ನಲ್ ಎಷ್ಟು ಸವೆಯಿತು ಎಂಬುದು. ಎಕ್ಸ್‌ಚೇಂಜ್ ದೂರವಾದಷ್ಟೂ ಇದು ಹೆಚ್ಚು, ಆದರೆ ಹೆಚ್ಚುಕಡಿಮೆ ಸ್ಥಿರ. ಇನ್ನೊಂದು ಎಸ್‌ಎನ್‌ಆರ್ ಮಾರ್ಜಿನ್, ಗದ್ದಲ ತಡೆಯಲು ಉಳಿದಿರುವ ಅವಕಾಶ. ಸಾಮಾನ್ಯವಾಗಿ 6 ಡೆಸಿಬೆಲ್ ಆದರೂ ಇರಲಿ ಅನ್ನುತ್ತಾರೆ, ಅಂದರೆ ಗದ್ದಲ ನಾಲ್ಕು ಪಟ್ಟಾದರೂ ಲೈನ್ ತಾಳಿಕೊಳ್ಳುತ್ತದೆ. ಮೊದಲನೆಯದು ಕದಲದೆ ಎರಡನೆಯದು ಮಾತ್ರ ಹೊತ್ತುಹೊತ್ತಿಗೆ ಕುಸಿಯುತ್ತಿದ್ದರೆ ಯಾವುದೋ ಉಪಕರಣದ ಕಾಟ. ಮೊದಲನೆಯದೇ ಏಕಾಏಕಿ ಜಿಗಿದರೆ ತಂತಿಯೇ ಹಾಳಾಗಿದೆ. ಚೆನ್ನಾಗಿದ್ದ ದಿನವೇ ಎರಡನ್ನೂ ಫೋಟೊ ತೆಗೆದಿಡಿ, ಕೆಟ್ಟ ದಿನ ಹೋಲಿಸಲು ಬೇಕಾಗುತ್ತದೆ.

ಡಿಎಸ್‌ಎಲ್ ದೀಪ ನಿಂತು ಉರಿಯುತ್ತಿದ್ದೂ ನೆಟ್ ಇಲ್ಲವೇ? ಲೈನ್‌ಮನ್‌ನನ್ನು ಬೈಯಬೇಡಿ. ಲಾಗಿನ್ ಅಥವಾ ವೈಫೈ ನೋಡಿ.

ಎಡಿಎಸ್‌ಎಲ್ ಹುಟ್ಟಿದ್ದು ಇಂಟರ್‌ನೆಟ್‌ಗಾಗಿ ಅಲ್ಲ! 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಜೋಸೆಫ್ ಲೆಕ್ಲೈಡರ್ ಅದನ್ನು ಸೂಚಿಸಿದಾಗ ಕಂಪನಿಗಳ ಕಣ್ಣಿದ್ದದ್ದು ಫೋನ್ ತಂತಿಯಲ್ಲಿ ಸಿನಿಮಾ ಕಳಿಸುವುದರ ಮೇಲೆ. ಡೌನ್‌ಲೋಡ್ ಅಗಲ, ಅಪ್‌ಲೋಡ್ ಕಿರಿದು ಎಂಬ ವ್ಯವಸ್ಥೆ ಲೆಕ್ಲೈಡರ್ ಅವರದೇ. ಒಂದೇ ಕೇಬಲ್ಲಿನ ಅಕ್ಕಪಕ್ಕದ ಜೋಡಿಗಳು ಪರಸ್ಪರ ಕಾಡುವುದು ಇದರಿಂದ ತಗ್ಗುತ್ತದೆ. ನಿಮ್ಮ ವಿಡಿಯೊ ಕಾಲ್‌ನಲ್ಲಿ ಎದುರಿನವರು ಸ್ಪಷ್ಟ, ನೀವು ಮಸುಕು ಆಗುವುದು ಹೀಗಾಗಿಯೇ.

ಭಾರತದ 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಕನಿಷ್ಠ ಮಿತಿ 2 ಎಂಬಿಪಿಎಸ್‌ಗೆ ಏರಿತು.

ಕರೆಂಟ್ ಹೋದ ಕ್ಷಣದಲ್ಲಿ ಮೋಡೆಮ್ ತನ್ನೊಳಗಿನ ಕೆಪಾಸಿಟರ್‌ನಲ್ಲಿ ಉಳಿದ ಅಷ್ಟಿಷ್ಟು ವಿದ್ಯುತ್ತಿನಿಂದಲೇ ಎಕ್ಸ್‌ಚೇಂಜ್‌ಗೆ "ನನಗೆ ಪವರ್ ಹೋಯಿತು" ಎಂದು ಸಂಕೇತ ಕಳಿಸಬಲ್ಲದು. ತಂತಿ ತುಂಡಾದದ್ದೋ, ಮನೆಯಲ್ಲಿ ಸ್ವಿಚ್ ಆರಿಸಿದ್ದೋ ಎಂದು ಅಲ್ಲಿಗೆ ತಿಳಿಯುವುದು ಹೀಗೆ.

ಮೋಡೆಮ್ ತಾನಾಗಿಯೇ ಆರಿ ಹತ್ತುತ್ತಿದ್ದರೆ, ಹೊಸದು ಕೊಳ್ಳುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವರ್ಷಗಟ್ಟಲೆ ಬಿಸಿಯಾಗಿ ಸೋತಿರುವುದು ಎಷ್ಟೋ ಸಲ ಅದೇ. ವೋಲ್ಟ್, ಪಿನ್ನಿನ ಪ್ಲಸ್-ಮೈನಸ್ ಹಳೆಯದರಂತೆಯೇ ಇರಲಿ, ಆಂಪಿಯರ್ ಹಳೆಯದಕ್ಕಿಂತ ಕಡಿಮೆಯಾಗದಿದ್ದರೆ ಸಾಕು.